ಬಿಸಿಲುನಾಡಿನ ಮೈದಾನದಲ್ಲಿ ಫುಟ್‌ಬಾಲ್ ನೋಡುವ ಬಗೆ

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿರಲಿ, ಬೀದರಿನ ನೆಹರು ಕ್ರೀಡಾಂಗಣವಿರಲಿ, ಊರ ಟೂರ್ನಿಯ ಮ್ಯಾಚಿಗೆ ಟಿಕೆಟಿನ ತಂಟೆ ಸಾಮಾನ್ಯವಾಗಿ ಇರುವುದಿಲ್ಲ. ತಂಟೆಯೆಲ್ಲ ವೇಳೆಯದು. ಪೋಸ್ಟರಿನಲ್ಲಿ 4 ಗಂಟೆ ಎಂದಿದ್ದರೆ ಅದು ಉದ್ಘಾಟನೆಯ ಹೊತ್ತೋ ಆಟದ ಹೊತ್ತೋ ಕೇಳಿಕೊಳ್ಳಿ. ಶಾಲು, ಹಾರ, ಭಾಷಣ ಮುಗಿದು ಅತಿಥಿಗಳು ಚೆಂಡಿಗೆ ಒಂದು ಒದ್ದು ಫೋಟೊ ತೆಗೆಸಿಕೊಳ್ಳುವವರೆಗೆ ರೆಫರಿ ಸೀಟಿ ಊದುವುದಿಲ್ಲ. ಹಿಂದಿನ ರಾತ್ರಿ ಸಂಘಟಕರಿಗೆ ಒಂದು ಫೋನ್ ಸಾಕು: "ನಾಳೆ ಮೊದಲ್ನೇ ಮ್ಯಾಚ್ ಯಾರ್ದದರೀ? ಎಷ್ಟಕ್ಕ ಶುರು ಮಾಡ್ತೀರಿ?"

ಒಂದೇ ದಿನ ಮೂರು ನಾಕೌಟ್ ಇದ್ದರೆ ಲೆಕ್ಕ ಹಾಕಿಯೇ ಹೊರಡಬೇಕು. ಊರ ಟೂರ್ನಿಗಳಲ್ಲಿ ಅರ್ಧಕ್ಕೆ 45 ನಿಮಿಷ ಸಿಗುವುದು ಅಪರೂಪ. 25 ನಿಮಿಷದ ಎರಡು ಅರ್ಧ, ನಡುವೆ 10 ನಿಮಿಷ ಬಿಡುವು, ತಂಡಗಳು ಇಳಿದು ಹತ್ತುವ ಹೊತ್ತು ಸೇರಿದರೆ ಒಂದು ಮ್ಯಾಚಿಗೆ ಒಂದೂಕಾಲು ತಾಸು. ನಿಮ್ಮ ತಂಡದ್ದು ಮೂರನೆಯದಾದರೆ ಮೊದಲ ಸೀಟಿಯಿಂದ ಎರಡೂವರೆ ತಾಸು ಕಾಯಬೇಕು. ಮಧ್ಯದಲ್ಲಿ ಯಾವುದಾದರೂ ಮ್ಯಾಚ್ ಸಮವಾಗಿ ಪೆನಾಲ್ಟಿ ಒದೆತಕ್ಕೆ ಹೋಯಿತೆಂದರೆ ಇನ್ನೂ ಕಾಲು ತಾಸು. ಲೈಟ್ ಇಲ್ಲದ ಮೈದಾನದಲ್ಲಿ ಆ ಮೂರನೆಯ ಮ್ಯಾಚೇ ಕತ್ತಲಿಗೆ ಸಿಕ್ಕಿ ಮರುದಿನಕ್ಕೆ ಹೋಗುವುದು.

ಬೀದರಿನಿಂದ ಕಲಬುರಗಿಗೆ ಹುಮನಾಬಾದ್ ಮೇಲೆ ರಸ್ತೆಯಲ್ಲಿ ಸುಮಾರು 110 ಕಿಲೋಮೀಟರ್. 2017ರಿಂದ ರೈಲೂ ಇದೆ, ಆದರೆ ಗಾಡಿಗಳು ಕಡಿಮೆ. ಆದ್ದರಿಂದ ಹೋಗುವುದಕ್ಕಿಂತ ಮೊದಲು ಮರಳುವ ಬಸ್ಸಿನ ವೇಳೆ ನೋಡಿಟ್ಟುಕೊಳ್ಳಿ. ಯಾದಗಿರಿಯವರಿಗೆ ವಾಡಿ, ಶಹಾಬಾದ್ ಮೇಲೆ ಮುಖ್ಯ ರೈಲುಮಾರ್ಗವೇ ಇದೆ. ದೂರದಿಂದ ಬರುವ ಗಾಡಿ ತಡವಾಗುತ್ತದೆಂದು ತಿಳಿದೇ ಒಂದು ಗಾಡಿ ಮುಂಚೆ ಹಿಡಿಯುವುದು ಜಾಣತನ. ಊರೊಳಗೆ ಟಂಟಂ (ಶೇರ್ ಆಟೊ) ಸಿಗುತ್ತದೆ, ಚಿಲ್ಲರೆ ಇಟ್ಟುಕೊಳ್ಳಿ.

ಜಾಗ ಹಿಡಿಯುವುದೇ ಅರ್ಧ ಆಟ. ಸಂಜೆ ಮ್ಯಾಚಿಗೆ ಪಶ್ಚಿಮದ ಬದಿಯಲ್ಲಿ, ಬಿಸಿಲು ಬೆನ್ನಿಗೆ ಬೀಳುವಂತೆ ಕೂರಬೇಕು. ಎದುರು ಬದಿ ಖಾಲಿ ಇದೆಯೆಂದು ಹೋದವರು ಮೊದಲರ್ಧವೆಲ್ಲ ಹಣೆಗೆ ಕೈ ಅಡ್ಡ ಹಿಡಿದೇ ನೋಡುತ್ತಾರೆ. ಸುತ್ತ ಎಂಟು ಲೇನಿನ ಓಟದ ಟ್ರ್ಯಾಕ್ ಇದ್ದರೆ, ಲೇನಿಗೆ 1.22 ಮೀಟರಿನಂತೆ ಗ್ಯಾಲರಿಯಿಂದ ಆಟ 10 ಮೀಟರ್ ದೂರ ಸರಿಯುತ್ತದೆ. ಗೋಲಿನ ಹಿಂದೆ ಟ್ರ್ಯಾಕ್ ತಿರುಗುವುದರಿಂದ ಅಲ್ಲಿ ಇನ್ನೂ ದೂರ. ಅಂಥಲ್ಲಿ ಸೆಂಟರ್ ಲೈನಿನ ನೇರಕ್ಕೆ, ಮೇಲಿನ ಮೆಟ್ಟಿಲೇ ಒಳ್ಳೆಯದು. ಟ್ರ್ಯಾಕ್ ಇಲ್ಲದ ಬಯಲಾದರೆ ಪೆನಾಲ್ಟಿ ಬಾಕ್ಸಿನ ನೇರಕ್ಕೆ ನಿಲ್ಲಿ. ಆಫ್‌ಸೈಡ್, ಅಂದರೆ ಪಾಸ್ ಕೊಟ್ಟ ಗಳಿಗೆಯಲ್ಲಿ ಮುಂದಿನ ಆಟಗಾರ ಡಿಫೆಂಡರುಗಳನ್ನು ದಾಟಿ ನಿಂತಿದ್ದು, ಹೌದೋ ಅಲ್ಲವೋ ಕಾಣುವುದು ಅಲ್ಲಿಂದಲೇ, ಆದರೆ ಲೈನ್ಸ್‌ಮನ್ ಓಡುವ ದಾರಿ ಬಿಟ್ಟು ಎರಡು ಹೆಜ್ಜೆ ಹಿಂದೆ.

ಆಟ ಶುರುವಾಗುವ ಮುನ್ನ ನೆಲ ನೋಡಿ. ಮೊರಂ (ಗರಸು ಮಣ್ಣು) ಹಾಕಿ ರೋಲರ್ ಎಳೆದ ಗಟ್ಟಿ ನೆಲದಲ್ಲಿ ಚೆಂಡಿನ ಮೊದಲ ಪುಟಿತ ಡಿಫೆಂಡರನ ತಲೆ ಮೇಲೇ ಹೋಗುತ್ತದೆ. ಉದ್ದ ಒದ್ದು ಓಡುವ ತಂಡಗಳು ಇಲ್ಲಿ ಗೆಲ್ಲುವುದು ಅದಕ್ಕೇ. ನಿಯಮದಂತೆ ಚೆಂಡಿನ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್ ಇರಬಹುದು. ಗಟ್ಟಿ ನೆಲಕ್ಕೆ ಕೆಳಗಿನ ಅಂಕಿಯೇ ವಾಸಿ, ಆದರೆ ಸೈಕಲ್ ಪಂಪಿನಲ್ಲಿ ಕಲ್ಲಿನಂತೆ ಬಿಗಿಯುವವರೇ ಹೆಚ್ಚು. ಗೋಲ್‌ಕೀಪರ್ ಡೈವ್ ಹೊಡೆಯಲಿಲ್ಲವೆಂದು ಬೈಯಬೇಡಿ, ಆ ನೆಲಕ್ಕೆ ಬಿದ್ದರೆ ಮೊಣಕೈ ಸುಲಿಯುತ್ತದೆ. ಮಳೆ ಬಿದ್ದ ಮೇಲೆ ಲೆಕ್ಕ ತಿರುಗುಮುರುಗು. ಕಲಬುರಗಿಯ ಎರೆಮಣ್ಣು ಬೂಟಿಗೆ ಮೆತ್ತಿ ಪಾಸ್ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಬೀದರಿನ ಜಂಬಿಟ್ಟಿಗೆ ಕೆಂಪು ನೆಲ ನೀರು ಬೇಗ ಹೀರುತ್ತದೆ.

ನೆಟ್ಟನ್ನೂ ಒಮ್ಮೆ ನೋಡಿ. ಬದಿಯಲ್ಲಿ ತೂತಿದ್ದರೆ ಹೊರಗಿನಿಂದ ಒಳನುಗ್ಗಿದ ಚೆಂಡೂ ಗೋಲಿನಂತೆ ಕಾಣುತ್ತದೆ. ದೊಡ್ಡ ಜಗಳಗಳ ಮೂಲ ಆ ತೂತೇ.

ಒಬ್ಬರಿಗೆ 2 ಲೀಟರ್ ನೀರು, ಟೋಪಿ, ಧೂಳಿಗೊಂದು ಕರವಸ್ತ್ರ, ಕೂರಲು ಹಳೆಯ ಪೇಪರ್. ಕಾದ ಸಿಮೆಂಟ್ ಮೆಟ್ಟಿಲು ಐದು ಗಂಟೆಯಾದರೂ ಆರಿರುವುದಿಲ್ಲ. ಹೆಣ್ಣುಮಕ್ಕಳಿದ್ದರೆ ಶೌಚಾಲಯದ ಬೀಗ ತೆಗೆದಿದೆಯೇ ಎಂದು ಬಂದ ಕೂಡಲೇ ವಿಚಾರಿಸಿ. ಸುಸಲಾ (ಒಗ್ಗರಣೆ ಮಂಡಕ್ಕಿ), ಮಿರ್ಚಿ ಭಜ್ಜಿ ಬಂಡಿಗೆ ಬಿಡುವಿನಲ್ಲಿ ಎಲ್ಲರೂ ನುಗ್ಗುತ್ತಾರೆ, ಐದು ನಿಮಿಷ ಮೊದಲೇ ಏಳಿ. ಭಜ್ಜಿ ತಿಂದ ಮೇಲೆ ನೀರಿಗಿಂತ ಮಜ್ಜಿಗೆ ಮೇಲು.

ಸಮ ಆದರೆ ಹೆಚ್ಚುವರಿ ಸಮಯ ಕೊಡದೆ ನೇರ ಪೆನಾಲ್ಟಿಗೆ ಹೋಗುವುದೇ ಇಲ್ಲಿ ವಾಡಿಕೆ. ಕೊನೆಯ ಸೀಟಿ ಬಿದ್ದೊಡನೆ ರೆಫರಿ ಯಾವ ಗೋಲಿನತ್ತ ನಡೆದರೆಂದು ನೋಡಿ ಆ ಕಡೆ ಸರಿಯಿರಿ. ಗೋಲಿನ ಹಿಂದೆ ನುಗ್ಗಬೇಡಿ: 11 ಮೀಟರಿನಿಂದ ಒದ್ದ ಚೆಂಡು ತಪ್ಪಿದರೆ ಬಂದು ಬಡಿಯುವುದು ಅಲ್ಲಿ ನಿಂತವರ ಮುಖಕ್ಕೆ. ಬದಿಯಲ್ಲಿ, ಪೆನಾಲ್ಟಿ ಗುರುತಿನ ನೇರಕ್ಕೆ ನಿಂತರೆ ಒದೆಯುವವನ ಹೆಜ್ಜೆಯೂ ಕಾಣುತ್ತದೆ, ಕೀಪರನ ಕಾಲು ಗೆರೆ ಬಿಟ್ಟದ್ದೂ ಕಾಣುತ್ತದೆ.