ಫ್ಲಾಸ್ ದಾರ ಹಲ್ಲನ್ನು ತಬ್ಬಬೇಕು, ವಸಡನ್ನು ಕುಯ್ಯಬಾರದು

'ನನಗೆ ಸಂದಿಯಲ್ಲಿ ಏನೂ ಸಿಕ್ಕಿಕೊಳ್ಳಲ್ಲ ಡಾಕ್ಟ್ರೇ, ಫ್ಲಾಸ್ ಯಾಕೆ?' ಕ್ಲಿನಿಕ್‌ನಲ್ಲಿ ಈ ಮಾತು ಆಗಾಗ ಕೇಳುತ್ತಿರುತ್ತೇನೆ. ಫ್ಲಾಸ್ ಅಂದರೆ ಹಲ್ಲಿನ ಸಂದಿ ಶುಚಿ ಮಾಡುವ ದಾರ. ಮಾವಿನ ನಾರು, ಸೊಪ್ಪಿನ ಚೂರು ತೆಗೆಯುವುದು ಅದರ ಚಿಕ್ಕ ಕೆಲಸ. ಹಲ್ಲಿನ ಪಕ್ಕದ ಗೋಡೆಗೆ ಅಂಟಿದ ಪದರವನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸ. ದವಡೆ ಹಲ್ಲಿಗೆ ಐದು ಮುಖ. ಹೊರಗೆ, ಒಳಗೆ, ಮೇಲೆ, ಈ ಮೂರಕ್ಕೆ ಬ್ರಷ್ ಎಟುಕುತ್ತದೆ. ಅಕ್ಕಪಕ್ಕದ ಹಲ್ಲಿಗೆ ಒತ್ತಿಕೊಂಡಿರುವ ಇನ್ನೆರಡಕ್ಕೆ ಎಷ್ಟು ಉಜ್ಜಿದರೂ ಸರಿಯಾಗಿ ಎಟುಕುವುದಿಲ್ಲ. ಸೂಕ್ಷ್ಮಾಣುಗಳ ಮೆತ್ತನೆಯ ಪದರ ಅಲ್ಲೇ ಕೂರುತ್ತದೆ. ಹಾಗೇ ಬಿಟ್ಟರೆ ಒಂದೆರಡು ದಿನದಲ್ಲೇ ಜೊಲ್ಲಿನ ಸುಣ್ಣದಂಶ ಸೇರಿ ಗಟ್ಟಿಯಾಗತೊಡಗುತ್ತದೆ. ಒಮ್ಮೆ ಗಟ್ಟಿ ಪಾಚಿಯಾದರೆ ದಾರಕ್ಕೆ ಬಗ್ಗುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. ದಿನಾ ಒಂದು ಸಲ ಮಾಡಿ ಎಂದು ಹೇಳುವುದು ಅದಕ್ಕೇ.

ಮೊದಲು ದಾರ. ಡಬ್ಬಿಯ ಮೇಲೆ 'ವ್ಯಾಕ್ಸ್ಡ್' ಎಂದಿರುವ ಮೇಣದ ಫ್ಲಾಸನ್ನೇ ತನ್ನಿ, ಬಿಗಿಯಾದ ಸಂದಿಯಲ್ಲೂ ಜಾರಿಕೊಂಡು ಹೋಗುತ್ತದೆ. ಹೊಲಿಗೆ ದಾರ ಬೇಡ. ಬೆಂಕಿಕಡ್ಡಿ, ಗುಂಡುಪಿನ್ನು ಬೇಡವೇ ಬೇಡ. ಪ್ಲಾಸ್ಟಿಕ್ ಹಿಡಿಗೆ ಪುಟ್ಟ ತುಂಡು ದಾರ ಕಟ್ಟಿದ ಫ್ಲಾಸ್ ಪಿಕ್ ಈಗ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ನನಗೆ ಅದು ಇಷ್ಟವಿಲ್ಲ. ಅದೇ ತುಂಡನ್ನು ಇಡೀ ಬಾಯಿಗೆ ಆಡಿಸಿದರೆ ಒಂದು ಸಂದಿಯ ಕೊಳೆ ಇನ್ನೊಂದಕ್ಕೆ ಹೋಗುತ್ತದೆ, ದಾರ ಹಲ್ಲಿನ ಸುತ್ತ ಬಾಗುವುದೂ ಕಷ್ಟ. ಕೈ ನಡುಗುವವರು, ಮನೆಯ ಹಿರಿಯರಿಗೆ ಫ್ಲಾಸ್ ಮಾಡಿಕೊಡುವವರು ಮಾತ್ರ ಬಳಸಲಿ, ಪ್ರತಿ ಸಂದಿ ಆದ ಮೇಲೂ ತೊಳೆಯಲಿ.

ಕೈ ತೊಳೆದು ಒಂದು ಮೊಳ, ಅಂದರೆ ಸುಮಾರು 45 ಸೆಂ.ಮೀ. ದಾರ ತೆಗೆದುಕೊಳ್ಳಿ. ಜಾಸ್ತಿ ಆಯ್ತು ಅನ್ನಿಸುತ್ತದೆ, ಆದರೆ ಪ್ರತಿ ಸಂದಿಗೂ ಹೊಸ ಭಾಗ ಬೇಕಲ್ವಾ? 50 ಮೀಟರಿನ ಡಬ್ಬಿ ಇಷ್ಟು ಬಳಸಿದರೂ ಒಬ್ಬರಿಗೆ ಮೂರೂವರೆ ತಿಂಗಳು ಬರುತ್ತದೆ. ಎರಡೂ ಕೈಯ ನಡುಬೆರಳಿಗೆ ಸುತ್ತಿ. ಹೆಬ್ಬೆರಳು, ತೋರುಬೆರಳಿನಲ್ಲಿ ಬಿಗಿಯಾಗಿ ಹಿಡಿಯಿರಿ. ನಡುವೆ ಒಂದಂಗುಲ ಮಾತ್ರ ಇರಲಿ. ನಾಲ್ಕಂಗುಲ ಬಿಟ್ಟರೆ ದಾರ ಸಡಿಲವಾಗಿ ಹಿಡಿತ ತಪ್ಪುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಸಂದಿ ಬಿಗಿ ಇದೆ ಎಂದು ಮೇಲಿನಿಂದ ಜೋರಾಗಿ ಒತ್ತುತ್ತಾರೆ. ದಾರ ಟಪ್ ಎಂದು ಇಳಿದು ಎರಡು ಹಲ್ಲಿನ ನಡುವೆ ಮೂತಿ ಎತ್ತಿದ ವಸಡಿನ ತುದಿಯನ್ನು ಕುಯ್ಯುತ್ತದೆ. ರಕ್ತ ಬರುತ್ತದೆ, ಉರಿಯುತ್ತದೆ, ಮಾರನೇ ದಿನದಿಂದ ಡಬ್ಬಿ ಮೂಲೆ ಸೇರುತ್ತದೆ. ಒತ್ತಬೇಡಿ. ಗರಗಸ ಎಳೆದ ಹಾಗೆ ಸಣ್ಣಗೆ ಹಿಂದೆ ಮುಂದೆ ಆಡಿಸುತ್ತಾ ಇಳಿಸಿ. ಹಲ್ಲುಗಳು ತಾಗುವ ಬಿಗಿ ಜಾಗ ದಾಟಿತೋ, ಆ ಎಳೆದಾಟ ಅಲ್ಲಿಗೇ ನಿಲ್ಲಬೇಕು.

ಇನ್ನು ದಾರವನ್ನು ಒಂದು ಹಲ್ಲಿನ ಗೋಡೆಗೆ ಒರಗಿಸಿ. ಎಡಗಡೆಯ ಹಲ್ಲಾದರೆ ಎರಡೂ ಕೈಯನ್ನು ಎಡಕ್ಕೆ ತಂದು, ದಾರ ಇಂಗ್ಲಿಷಿನ 'ಸಿ' ಅಕ್ಷರದಂತೆ ಹಲ್ಲನ್ನು ತಬ್ಬಿಕೊಳ್ಳುವಂತೆ ಬಾಗಿಸಿ. ಹಾಗೇ ಒರಗಿಸಿಕೊಂಡೇ ವಸಡಿನ ಅಂಚಿನ ಕೆಳಕ್ಕೆ ಮೆಲ್ಲಗೆ ಜಾರಿಸಿ. ಹಲ್ಲಿಗೂ ವಸಡಿಗೂ ನಡುವೆ ಅಲ್ಲೊಂದು ಪುಟ್ಟ ತೋಡು ಇದೆ. ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಅಲ್ಲಿಂದ ಹಲ್ಲಿನ ಗೋಡೆ ಬಿಡದೆ ಮೇಲೆ ಕೆಳಗೆ ಐದಾರು ಸಲ ಉಜ್ಜಿ. ಆಮೇಲೆ ವಸಡಿನ ತುದಿಯನ್ನು ದಾಟಿಸಿ, ಅದೇ ಸಂದಿಯ ಬಲಗಡೆಯ ಹಲ್ಲನ್ನು ತಬ್ಬಿಸಿ. ಒಂದು ಸಂದಿ ಅಂದರೆ ಎರಡು ಗೋಡೆ. ದಾರವನ್ನು ಸುಮ್ನೆ ಒಳಗೆ ಹಾಕಿ ಹೊರಗೆ ತೆಗೆದರೆ ಎರಡೂ ಹಾಗೇ ಉಳಿಯುತ್ತವೆ.

ಕೈಯ ಹದ ಎಷ್ಟು ಮುಖ್ಯ ಎನ್ನಲು ಒಂದು ಉದಾಹರಣೆ. 2006ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ್ದರು. ಪಳಗಿದ ಕೈಯವರು ಶಾಲೆ ಇದ್ದ ದಿನಗಳಲ್ಲಿ ಪುಟ್ಟ ಮಕ್ಕಳಿಗೆ ಫ್ಲಾಸ್ ಮಾಡಿಕೊಟ್ಟಾಗ ಹುಳುಕಿನ ಅಪಾಯ ಶೇ 40ರಷ್ಟು ಇಳಿದಿತ್ತು. ಸ್ವಲ್ಪ ದೊಡ್ಡ ಮಕ್ಕಳು ತಾವೇ ಮಾಡಿಕೊಂಡಾಗ ಅಂಥ ಲಾಭ ಕಾಣಲಿಲ್ಲ.

ಮೊದಲ ವಾರ ರಕ್ತ ಕಂಡರೆ ಗಾಬರಿಯಾಗಬೇಡಿ. ಪದರ ಕೂತು ಊದಿಕೊಂಡ ವಸಡು ಮುಟ್ಟಿದರೆ ಸಾಕು, ರಕ್ತ ಬರುತ್ತದೆ. ದಿನಾ ಸರಿಯಾಗಿ ಮಾಡಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ಡೆಂಟಿಸ್ಟ್‌ಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು ಖಂಡಿತ ತಡ ಮಾಡಬಾರದು. ಒಂದೇ ಸಂದಿಯಲ್ಲಿ ದಾರ ಪದೇ ಪದೇ ಎಳೆ ಬಿಡುತ್ತಿದ್ದರೂ ತೋರಿಸಿ. ಅಲ್ಲಿ ಹುಳುಕು, ಪಾಚಿ ಅಥವಾ ಅಂಚು ಒಡೆದ ಫಿಲ್ಲಿಂಗ್ ಇರಬಹುದು.

ವಸಡು ಇಳಿದು ಸಂದಿ ಅಗಲವಾಗಿದ್ದರೆ ದಾರಕ್ಕಿಂತ ಸಂದಿಗೆಂದೇ ಇರುವ ಪುಟ್ಟ ಬ್ರಷ್ ಒಳ್ಳೆಯದು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು, ಬ್ರಿಡ್ಜ್ (ಬಿದ್ದ ಹಲ್ಲಿನ ಜಾಗದಲ್ಲಿ ಪಕ್ಕದ ಹಲ್ಲುಗಳ ಆಸರೆಗೆ ಕೂರಿಸಿದ ಕೃತಕ ಹಲ್ಲು) ಇರುವವರು ತುದಿ ಗಟ್ಟಿಯಾಗಿರುವ ಸೂಪರ್ ಫ್ಲಾಸ್ ಕೇಳಿ ತನ್ನಿ. ತಾತ್ಕಾಲಿಕ ಕ್ಯಾಪ್ ಇದ್ದರೆ ದಾರವನ್ನು ಮೇಲಕ್ಕೆ ಎಳೆಯದೆ ಪಕ್ಕಕ್ಕೆ ಜಾರಿಸಿ ತೆಗೆಯಿರಿ, ಇಲ್ಲದಿದ್ದರೆ ಕ್ಯಾಪೇ ಕಿತ್ತು ಬರುತ್ತದೆ.

ಕೊನೆಯ ದವಡೆ ಹಲ್ಲಿನ ಹಿಂಬದಿಯನ್ನು ಬಿಡಬೇಡಿ. ಅದಕ್ಕೆ ಪಕ್ಕದ ಹಲ್ಲಿಲ್ಲದ ಕಾರಣ ಎಲ್ಲರೂ ಮರೆಯುತ್ತಾರೆ. ಅಲ್ಲಿ ಉಜ್ಜಿದ ದಾರವನ್ನು ಮೂಸಿ ನೋಡಿ. ಬಾಯಿ ವಾಸನೆಗೆ ಮೌತ್‌ವಾಶ್ ಹುಡುಕುವ ಎಷ್ಟೋ ಜನರಿಗೆ ಮೂಲ ಅಲ್ಲೇ ಸಿಗುತ್ತದೆ.

ರಾತ್ರಿ ಊಟವಾದ ಮೇಲೆ, ಬ್ರಷ್ ಮಾಡುವ ಮುಂಚೆ ಮಾಡಿ. ದಾರ ಬಿಡಿಸಿದ ಕೊಳೆಯನ್ನು ಬ್ರಷ್ ಬಳಿದುಕೊಂಡು ಹೋಗುತ್ತದೆ, ಪೇಸ್ಟಿನ ಫ್ಲೋರೈಡ್ ಖಾಲಿ ಸಂದಿಗೂ ಇಳಿಯುತ್ತದೆ. ಬಳಸಿದ ದಾರ ಕಸದ ಬುಟ್ಟಿಗೆ. ಕಮೋಡಿಗೆ ಹಾಕಿದರೆ ನೈಲಾನ್ ಕರಗದೆ ಪೈಪಿನಲ್ಲಿ ಸುತ್ತಿಕೊಳ್ಳುತ್ತದೆ.