ಹಳೆಯ ಕಾರಿಗೆ ಹೊಂದುವ ವಿಂಡ್‌ಶೀಲ್ಡ್ ಸಿಕ್ಕಿದ್ದು ಹೀಗೆ

ನನ್ನ ಹಳೆಯ ಕಾರಿನ ಮುಂದಿನ ಗಾಜು ಬಿರುಕು ಬಿಟ್ಟಾಗ ಅಂಗಡಿಯವರೆಲ್ಲ ‘ಈ ಮಾದರಿ ಈಗ ಬರುವುದಿಲ್ಲ’ ಎಂದರು. ದಾರಿ ತೋರಿಸಿದ್ದು ಹಳೆಯ ಗಾಜೇ. ಅದರ ಮೂಲೆಯಲ್ಲಿ ತಯಾರಕರ ಗುರುತಿತ್ತು. ಅದರೊಂದಿಗೆ ಅಗಲ, ಎತ್ತರ, ನಡುವಿನ ಬಾಗಿನ ಆಳವನ್ನೂ ಅಳೆದು ಕೊಟ್ಟ ಮೇಲೆ ಹಳೆಯ ದಾಸ್ತಾನಿನಲ್ಲಿ ಹೊಂದುವ ಗಾಜು ಸಿಕ್ಕಿತು. ಚಪ್ಪಟೆಯದಾಗಿದ್ದರೆ ಲ್ಯಾಮಿನೇಟೆಡ್ ಗಾಜಿನಿಂದ (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವಂಥದ್ದು) ಕತ್ತರಿಸಿಕೊಳ್ಳಬಹುದಿತ್ತು. ಬಾಗಿದ ಗಾಜಿಗೆ ಆ ಅನುಕೂಲವಿಲ್ಲ. ಸಿಗಲಿಲ್ಲವೆಂದು ಮನೆಯ ಕಿಟಕಿಯ ಗಾಜನ್ನು ಮಾತ್ರ ಹಾಕಿಸಬೇಡಿ, ಒಡೆದರೆ ಜೀವಕ್ಕೇ ಅಪಾಯ.

ಗಾಜನ್ನು ಚೌಕಟ್ಟಿಗೆ ಹಿಡಿದಿಡುವ ರಬ್ಬರ್ ಪಟ್ಟಿ ಹೊಸದೇ ಇರಲಿ. ಹಳೆಯದನ್ನು ಕಿತ್ತಾಗ ಚೌಕಟ್ಟಿನ ಕೆಳಮೂಲೆಯಲ್ಲಿ ಬಣ್ಣ ಗುಳ್ಳೆಯೆದ್ದು, ಮುಟ್ಟಿದರೆ ತುಕ್ಕು ಪುಡಿಪುಡಿಯಾಗಿ ಉದುರುತ್ತಿತ್ತು. ಲೋಹ ಹೊಳೆಯುವವರೆಗೆ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಬಳಿದು, ಪೂರ್ತಿ ಒಣಗಲು ಬಿಟ್ಟೆ. ಇಲ್ಲಿ ಆತುರ ಸಲ್ಲದು.

ಗಾಜಿಗೆ ರಬ್ಬರ್ ತೊಡಿಸಿ, ಚೌಕಟ್ಟಿನ ಅಂಚು ಕೂರುವ ಸೀಳಿನಲ್ಲಿ ಸುತ್ತಲೂ ಗಟ್ಟಿ ದಾರವನ್ನು ಹಾಯಿಸಿ, ಸೋಪಿನ ನೀರು ಸವರಿದೆ. ಗೆಳೆಯ ಹೊರಗಿನಿಂದ ಅಂಗೈಯಲ್ಲಿ ಒತ್ತಿ ಹಿಡಿದ. ನಾನು ಒಳಗಿನಿಂದ ದಾರ ಎಳೆದಂತೆಲ್ಲ ರಬ್ಬರಿನ ಅಂಚು ಚೌಕಟ್ಟನ್ನು ದಾಟಿ ಒಳಬದಿಗೆ ಮಡಚಿ ಕೂತಿತು. ಪೈಪಿನಿಂದ ನೀರು ಬಿಟ್ಟು ನೋಡಿದೆವು. ಒಂದು ಹನಿಯೂ ಒಳಬರಲಿಲ್ಲ.