ನಗಿಸುವ ಹಾಡಿಗೆ ಅಳುವ ವಾದ್ಯ

ಅಮೆರಿಕದ ಆಸ್ಟಿನ್‌ನಲ್ಲಿರುವ ನಮ್ಮ ವಾರಾಂತ್ಯದ ಕಂಟ್ರಿ ರಾಕ್ ತಂಡದಲ್ಲಿ ನಾನು ಪೆಡಲ್ ಸ್ಟೀಲ್ ಗಿಟಾರ್ ನುಡಿಸುತ್ತೇನೆ. ಮೇಜಿನಂತೆ ಮುಂದಿಟ್ಟುಕೊಂಡು, ಹತ್ತು ತಂತಿಗಳ ಮೇಲೆ ಉಕ್ಕಿನ ಸರಳು ಜಾರಿಸುತ್ತ, ಪಾದ ಮತ್ತು ಮೊಣಕಾಲುಗಳಿಂದ ತಂತಿಗಳ ಶ್ರುತಿ ಏರಿಳಿಸುವ ವಾದ್ಯ ಅದು. ಗೋಟುವಾದ್ಯ ಕೇಳಿ ಬೆಳೆದ ನನಗೆ ಅದರ ಜಾರು ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ಅದರ ಅಳು.

ಹಾಸ್ಯದ ಆಲ್ಬಮ್ ಮಾಡೋಣ ಎಂದಾಗ ಸಾಹಿತ್ಯ ನನ್ನ ಪಾಲಿಗೆ ಬಂತು. ಅಮೆರಿಕದ ಹಳ್ಳಿಗಾಡಿನ ಹಾಡಾದ ಕಂಟ್ರಿಯಲ್ಲಿ ಹೆಂಡತಿ ಬಿಟ್ಟು ಹೋಗುತ್ತಾಳೆ, ಟ್ರಕ್ ಕೆಡುತ್ತದೆ, ನಾಯಿ ಸಾಯುತ್ತದೆ. ನನ್ನ ಹಾಡಿನಲ್ಲಿ ಯಾರೂ ಹೋಗುವುದಿಲ್ಲ. ಅತ್ತೆ ಆರು ತಿಂಗಳಿಗೆಂದು ಬರುತ್ತಾರೆ, ಅಷ್ಟೆ. ಟೆಕ್ಸಸ್‌ನಲ್ಲೇ ಹುಟ್ಟಿ ಬೆಳೆದ ನಮ್ಮ ಗಾಯಕ ಅದನ್ನು ಓದಿ, ಇದು ತನ್ನ ಮನೆಯ ಕಥೆಯೇ ಎಂದ.

ಸ್ಟುಡಿಯೋದಲ್ಲಿ ಮೊದಲ ದಿನ ಪೂರ್ತಿ ಹಾಳಾಯಿತು. ತಪ್ಪು ನಮ್ಮದೇ. ನಗು ಬರಲಿ ಎಂದು ಹಸುವಿನ ಗಂಟೆ, ಸೀನುವ ಸದ್ದು, ಮೂಗಿನಲ್ಲಿ ಹಾಡುವುದು, ಎಲ್ಲವನ್ನೂ ತುರುಕಿದೆವು. ಮೊದಲ ಸಲ ಬಿದ್ದು ಬಿದ್ದು ನಕ್ಕೆವು. ಮೂರನೆಯ ಸಲ ಕೇಳುವಾಗ ಯಾರ ಮುಖದಲ್ಲೂ ನಗುವಿರಲಿಲ್ಲ. ಆ ರಾತ್ರಿ ಅಮೆರಿಕದ ರಾಕ್ ತಂಡ ವೀನ್‌ನ ‘12 ಗೋಲ್ಡನ್ ಕಂಟ್ರಿ ಗ್ರೇಟ್ಸ್’ ಹಾಕಿಕೊಂಡು ಕುಳಿತೆ. 1996ರ ಆ ಆಲ್ಬಮ್‌ನ ಹೆಸರಿನಲ್ಲಿ ಹನ್ನೆರಡು ಇದ್ದರೂ ಒಳಗಿರುವ ಹಾಡುಗಳು ಹತ್ತೇ. ಸಾಹಿತ್ಯ ಪೋಲಿ. ಆದರೆ ನುಡಿಸಿದವರು ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನ ನುರಿತ ಹಿರಿಯ ವಾದ್ಯಗಾರರು. ಒಬ್ಬರೂ ಕಣ್ಣು ಮಿಟುಕಿಸುವುದಿಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರ ಸಭೆಯನ್ನು ನಗಿಸುತ್ತಿರುವಾಗ ಮದ್ದಳೆಯವರು ತಾಳ ಬಿಡುತ್ತಾರೆಯೇ?

ಮರುದಿನ ಗಂಟೆ, ಸೀನುಗಳನ್ನೆಲ್ಲ ಅಳಿಸಿದೆವು. ಜಿ ಶ್ರುತಿಯಲ್ಲಿ ಗಾಯಕನ ದನಿ ಜಗಳ ಕಾಯುವಂತಿತ್ತು. ಇ ಶ್ರುತಿಗೆ ಇಳಿಸಿದಾಗ ನಿಜವಾಗಿ ನೊಂದವನಂತೆ ಕೇಳಿಸಿತು. ಶ್ರುತಿ ಬದಲಾದರೂ ನಮ್ಮ ಚೀಟಿಗಳನ್ನು ತಿದ್ದಬೇಕಾಗಲಿಲ್ಲ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ರೂಢಿಗೆ ತಂದ ಅಂಕಿಗಳ ಪದ್ಧತಿಯಲ್ಲಿ, ಕಾರ್ಡ್‌ಗಳ ಹೆಸರಿನ ಬದಲು ಆಧಾರ ಸ್ವರದಿಂದ ಎಣಿಸಿ 1, 4, 5 ಎಂದು ಬರೆದುಕೊಂಡಿದ್ದೆವು. ನನ್ನ ಮಟ್ಟಿಗೆ ಅದು ಸ, ಮ, ಪ.

ನಿಜವಾದ ತಲೆನೋವು ಎಂದರೆ ನಗೆಮಾತಿನ ನಂತರದ ಜಾಗ. ವೇದಿಕೆಯಲ್ಲಾದರೆ ಜನ ನಕ್ಕು ಮುಗಿಸುವವರೆಗೆ ಕಾಯಬಹುದು. ಸ್ಟುಡಿಯೋದಲ್ಲಿ ನಗುವವರಿಲ್ಲ, ಬಿಟ್ಟ ಜಾಗ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ತುಂಬಲು ಹೋದ ನಾನು ಸಾಲಿನ ಕೊನೆಯ ಪದದ ಮೇಲೆಯೇ ನುಡಿಸಿ ಅದನ್ನು ನುಂಗಿಹಾಕುತ್ತಿದ್ದೆ. ಒಂದು ಮಾತ್ರೆ ತಡೆದು ಶುರುಮಾಡು ಎಂದು ಧ್ವನಿಮುದ್ರಣದವರು ಹೇಳಿದರು. ಹಾಗೆಯೇ ಮಾಡಿದೆ. ‘ಅತ್ತೆ ಫ್ರಿಜ್‌ನಲ್ಲಿದ್ದ ಬಿಯರ್ ತೆಗೆದು ದೋಸೆ ಹಿಟ್ಟು ಇಟ್ಟರು’ ಎಂಬರ್ಥದ ಸಾಲು ಮುಗಿಯುತ್ತದೆ, ಒಂದು ಕ್ಷಣ ಮೌನ, ಆಮೇಲೆ ಸ್ಟೀಲ್ ಗಿಟಾರ್ ಸಾವಿನ ಮನೆಯಲ್ಲಿ ಅತ್ತಂತೆ ಅಳುತ್ತದೆ. ಡ್ರಮ್ಸ್ ನುಡಿಸುವವನು ಕೋಲು ಕೈಬಿಟ್ಟು ನಕ್ಕ. ಮೂರು ಟೇಕ್ ಹೋದವು, ಪರವಾಗಿಲ್ಲ.

ಒಂಬತ್ತು ಹಾಡುಗಳಲ್ಲಿ ಎಂಟು ಉಳಿದವು. ಮಿಕ್ಸ್ ಮುಗಿದ ವಾರವೇ ನಿಜವಾದ ಅತ್ತೆಯವರು ಊರಿನಿಂದ ಬಂದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಳಿಯ ನುಡಿಸಿದ್ದೆಂದು ಹಾಡನ್ನು ಕೊನೆಯವರೆಗೂ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಪಾಪ, ಯಾರು ತೀರಿಕೊಂಡದ್ದು?”

ನಾಯಿ ಎಂದೆ.